ನೆತ್ತಿಯ ಜಿನುಗು

ಹಳೆಯ ಬುಲೆಟ್ ಇಟ್ಟುಕೊಂಡವರ ನಡುವೆ ಒಂದು ಮಾತು ಸದಾ ಓಡಾಡುತ್ತಿರುತ್ತದೆ. ಗಾಡಿಯ ಕೆಳಗೆ ಆಯಿಲ್ ಬಿದ್ದಿಲ್ಲ ಅಂದರೆ ಒಳಗೆ ಆಯಿಲೇ ಇಲ್ಲ ಅಂತ ಅರ್ಥವಂತೆ. ಹೇಳುವವರಿಗೂ ಕೇಳುವವರಿಗೂ ಅದರಲ್ಲೊಂದು ಬಗೆಯ ಹೆಮ್ಮೆ. ನನಗೆ ಮಾತ್ರ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಸಂಕಟವಾಗುತ್ತದೆ. ಆಯಿಲ್ ಎಂಜಿನ್ನಿನ ಒಳಗಿರಬೇಕಾದ್ದು. ಒಳಗೇ ಇರಲಿ ಎಂದು ಲೆಕ್ಕ ಹಾಕಿಯೇ ಎಂಜಿನ್ನನ್ನು ಕಟ್ಟಿದ್ದಾರೆ. ಹೊರಗೆ ಬರುತ್ತಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಹುಡುಕಿದರೆ ಸಿಗುತ್ತದೆ, ಸಿಕ್ಕಿದರೆ ಸರಿಮಾಡಬಹುದು. ‘ಬುಲೆಟ್ಟಿನ ಗುಣವೇ ಹಾಗೆ’ ಎಂದು ಕೈಚೆಲ್ಲಿದ ದಿನದಿಂದ ಗಾಡಿಯ ಕಡೆ ಸರಿಯಾಗಿ ನೋಡುವುದನ್ನೇ ಬಿಟ್ಟುಬಿಡುತ್ತೇವೆ.

ನಮ್ಮ ಮನೆಯ ಬುಲೆಟ್ 1986ರದು, ದೊಡ್ಡಪ್ಪ ಕೊಂಡದ್ದು. ಸಕಲೇಶಪುರದ ಆಚೆ ನಮ್ಮ ತೋಟ. ಹಾನುಬಾಳು, ಹೆತ್ತೂರು, ಯಸಳೂರು ಕಡೆಯ ನೆಂಟರ ಮನೆಗಳಿಗೆ, ಹಾಸನದ ಕಾಫಿ ಕ್ಯೂರಿಂಗಿಗೆ, ಸರಿರಾತ್ರಿಯಲ್ಲಿ ಲೈನ್ ಮನೆಯ ಯಾರಿಗಾದರೂ ಹೊಟ್ಟೆನೋವು ಬಂದರೆ ಆಸ್ಪತ್ರೆಗೆ, ಎಲ್ಲದಕ್ಕೂ ಅದೇ. ಹಿಂದಿನ ಸೀಟಿಗೆ ಗೊಬ್ಬರದ ಮೂಟೆ ಕಟ್ಟಿಕೊಂಡು ಕೆಸರು ದಾರಿಯಲ್ಲಿ ಮೊದಲನೆಯ ಗೇರಿನಲ್ಲೇ ಏದುಸಿರು ಬಿಡದೆ ಏರಿದ ಗಾಡಿ ಅದು. ಈಚಿನ ವರ್ಷಗಳಲ್ಲಿ ಅದರ ಎಂಜಿನ್ನಿನ ನೆತ್ತಿಯಿಂದ, ರಾಕರ್ ಕವರುಗಳ ಅಂಚಿನಿಂದ, ಆಯಿಲ್ ಜಿನುಗಲು ಶುರುವಾಗಿತ್ತು. ತೊಟ್ಟಿಕ್ಕುವಷ್ಟೇನೂ ಅಲ್ಲ. ಆದರೆ ಹೆಡ್ಡಿನ ಫಿನ್ನುಗಳ ಸಂದಿಗೆ ಇಳಿದು, ಧೂಳು ಹಿಡಿದು, ಕಪ್ಪು ಮೇಣವಾಗಿ ಅಂಟಿಕೊಳ್ಳುತ್ತಿತ್ತು. ಗಾಳಿಯಿಂದಲೇ ತಣಿಯಬೇಕಾದ ಎಂಜಿನ್ನಿನ ಫಿನ್ನುಗಳಿಗೆ ಮೇಣ ಮೆತ್ತಿಕೊಂಡರೆ ಶಾಖ ಹೊರಗೆ ಹೋಗಲು ದಾರಿ ಕಮ್ಮಿಯಾಗುತ್ತದೆ. ಪ್ಯಾಂಟಿಗೆ ಕಲೆಯಾಗುತ್ತದೆ ಎನ್ನುವುದು ಆಮೇಲಿನ ಮಾತು.

ಈ ಎಂಜಿನ್ನಿನ ವಂಶ ದೊಡ್ಡದು. ಇಂಗ್ಲೆಂಡಿನ ರೆಡಿಚ್ ಎಂಬ ಊರಿನ ರಾಯಲ್ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಎರಡನೇ ಮಹಾಯುದ್ಧ ಮುಗಿದ ಮೇಲೆ ರೂಪುಗೊಂಡದ್ದು. 1950ರ ದಶಕದ ಆರಂಭದಲ್ಲಿ ನಮ್ಮ ಸೇನೆ ಗಡಿ ಕಾವಲಿಗೆಂದು ಬುಲೆಟ್ಟುಗಳನ್ನು ತರಿಸಿಕೊಂಡಿತು. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಕಂಪನಿ ಹುಟ್ಟಿ, ತಿರುವೊಟ್ರಿಯೂರಿನ ಕಾರ್ಖಾನೆಯಲ್ಲಿ ಇಲ್ಲೇ ತಯಾರಿ ಶುರುವಾಯಿತು. 1967ರಲ್ಲಿ ರೆಡಿಚ್ ಕಾರ್ಖಾನೆ ಬಾಗಿಲು ಹಾಕಿತು. ಹುಟ್ಟಿದ ಊರಲ್ಲಿ ನಿಂತುಹೋದ ಎಂಜಿನ್ ಇಲ್ಲಿ ನಾಲ್ಕು ದಶಕ ಮುಂದುವರಿಯಿತು. ಎಪ್ಪತ್ತು ಮಿಲಿಮೀಟರ್ ಬೋರು, ತೊಂಬತ್ತು ಮಿಲಿಮೀಟರ್ ಸ್ಟ್ರೋಕು, 346 ಸಿಸಿ. ಈ ಅಳತೆ ಬಾಯಿಪಾಠವಾಗಿರುವ ಮೆಕ್ಯಾನಿಕ್ಕುಗಳು ನಮ್ಮ ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ.

‘ಕಾಸ್ಟ್ ಐರನ್ ಬುಲೆಟ್’ ಎಂದು ಕರೆದರೂ ಕಬ್ಬಿಣವಿರುವುದು ಬ್ಯಾರೆಲ್ಲಿನಲ್ಲಿ ಮಾತ್ರ. ಅದರ ಮೇಲೆ ಕೂತಿರುವ ಹೆಡ್ಡು ಅಲ್ಯೂಮಿನಿಯಮ್ಮಿನದು. ಆ ಹೆಡ್ಡಿನ ಮೇಲ್ಭಾಗದಲ್ಲಿ ಎರಡು ಪುಟ್ಟ ಕೋಣೆಗಳಿವೆ. ಮುಂದಿನದು ಎಕ್ಸಾಸ್ಟ್ ವಾಲ್ವಿನದು, ಹಿಂದಿನದು, ಅಂದರೆ ಕಾರ್ಬುರೇಟರ್ ಕಡೆಯದು, ಇನ್‌ಲೆಟ್ಟಿನದು. ಒಂದೊಂದರಲ್ಲೂ ಒಂದು ರಾಕರ್. ಬ್ಯಾರೆಲ್ಲಿನ ಒಳಗಿನ ಸುರಂಗದಲ್ಲಿ ಪುಶ್‌ರಾಡ್ ಮೇಲಕ್ಕೆ ಬಂದು ರಾಕರಿನ ಒಂದು ತುದಿಯನ್ನು ಎತ್ತುತ್ತದೆ, ಇನ್ನೊಂದು ತುದಿ ವಾಲ್ವನ್ನು ಒತ್ತುತ್ತದೆ. ಬಲಬದಿಯ ಟೈಮಿಂಗ್ ಕವರಿನಿಂದ ಹೊರಟ ತೆಳ್ಳನೆಯ ಪೈಪು ಎಂಜಿನ್ನಿನ ಹೊರಗಿನಿಂದಲೇ ಮೇಲಕ್ಕೆ ಹತ್ತಿ, ಕವಲೊಡೆದು, ಎರಡೂ ರಾಕರುಗಳಿಗೆ ಆಯಿಲ್ ಉಣಿಸುತ್ತದೆ. ಕೆಲಸ ಮುಗಿದ ಆಯಿಲ್ ಪುಶ್‌ರಾಡಿನ ಸುರಂಗದಲ್ಲೇ ಕೆಳಗಿಳಿದು ಕ್ರ್ಯಾಂಕ್‌ಕೇಸ್ ಸೇರುತ್ತದೆ.

ಇಷ್ಟು ತಿಳಿದುಕೊಂಡರೆ ಒಂದು ಪ್ರಶ್ನೆ ತಾನಾಗಿ ಏಳುತ್ತದೆ. ಮೇಲಿನ ಕೋಣೆಯಲ್ಲಿ ಆಯಿಲ್ ತುಂಬಿ ನಿಲ್ಲುವುದಿಲ್ಲ. ಬಂದದ್ದು ಬಂದ ಹಾಗೆ ಇಳಿದುಹೋಗುತ್ತದೆ. ಅಲ್ಲಿರುವುದು ಸಿಡಿದ ಹನಿಗಳು, ಗೋಡೆಗೆ ಹಿಡಿದ ಪಸೆ, ಆಯಿಲಿನ ಮಂಜು. ಹಾಗಿದ್ದ ಮೇಲೆ ಕವರಿನ ಸಂದಿಯಿಂದ ಅದನ್ನು ಹೊರಕ್ಕೆ ತಳ್ಳುತ್ತಿರುವವರು ಯಾರು?

ಗಾಳಿ. ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ ಕೆಳಗೆ ಬಂದಾಗಲೆಲ್ಲ ಅದರಡಿಯ 346 ಸಿಸಿ ಗಾಳಿಗೆ ಜಾಗ ಸಾಲದೆ ಹೋಗುತ್ತದೆ. ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಐವತ್ತು ಸಲ ಹೀಗಾಗುತ್ತದೆ. ಆ ಗಾಳಿ ಹೊರಹೋಗಲೆಂದೇ ಕ್ರ್ಯಾಂಕ್‌ಕೇಸಿಗೆ ಬ್ರೀದರ್ ಇಟ್ಟಿದ್ದಾರೆ. ಗಾಳಿಯನ್ನು ಹೊರಕ್ಕೆ ಬಿಡಬೇಕು, ಒಳಕ್ಕೆ ಎಳೆದುಕೊಳ್ಳಬಾರದು, ಅದು ಬ್ರೀದರಿನ ಕೆಲಸ. ಸರಿಯಾಗಿ ನಡೆದರೆ ಎಂಜಿನ್ನಿನೊಳಗೆ ಹೊರಗಿನದಕ್ಕಿಂತ ತುಸು ಕಮ್ಮಿ ಒತ್ತಡವೇ ಉಳಿಯುತ್ತದೆ. ಆಗ ಸಂದಿಗೊಂದಿಯಲ್ಲಿನ ಆಯಿಲ್ ಒಳಮುಖವಾಗಿಯೇ ಇರುತ್ತದೆ. ಬ್ರೀದರಿನ ರಬ್ಬರ್ ಗಟ್ಟಿಯಾಗಿಯೋ, ಪೈಪು ಮಡಚಿಕೊಂಡೋ, ಬಾಯಿಗೆ ಕೆಸರು ಮೆತ್ತಿಯೋ ದಾರಿ ಕಟ್ಟಿತೆಂದರೆ, ವಿಸಲ್ ಕಟ್ಟಿಕೊಂಡ ಕುಕ್ಕರಿನ ಗ್ಯಾಸ್ಕೆಟ್ ಸುತ್ತ ಬೇಳೆಕಟ್ಟು ಚಿಮ್ಮುವ ಹಾಗೆ, ಗಾಳಿ ಸಿಕ್ಕ ಸಂದಿಯಲ್ಲಿ ನುಗ್ಗುತ್ತದೆ, ಎದುರಿಗಿದ್ದ ಆಯಿಲನ್ನೂ ಹೊತ್ತು ತರುತ್ತದೆ. ಪುಶ್‌ರಾಡಿನ ಸುರಂಗಗಳು ಕ್ರ್ಯಾಂಕ್‌ಕೇಸನ್ನೂ ಮೇಲಿನ ಕೋಣೆಗಳನ್ನೂ ಸೇರಿಸಿರುವುದರಿಂದ ಕೆಳಗಿನ ಒತ್ತಡ ನೇರವಾಗಿ ನೆತ್ತಿಗೇರುತ್ತದೆ.

ಆದ್ದರಿಂದ ಕವರಿಗೆ ಸ್ಪ್ಯಾನರ್ ಹಾಕುವ ಮೊದಲು ಬ್ರೀದರ್ ಪೈಪಿನ ತುದಿಗೆ ಹೆಬ್ಬೆರಳು ಹಿಡಿಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಬೆರಳಿಗೆ ಪುಸ್ ಪುಸ್ ಎಂದು ಗಾಳಿ ತಾಗಬೇಕು, ಚರ್ಮವನ್ನು ಒಳಕ್ಕೆ ಎಳೆಯಬಾರದು. ನಮ್ಮ ಗಾಡಿಯಲ್ಲಿ ಗಾಳಿ ಬರುತ್ತಲೂ ಇತ್ತು, ಅಷ್ಟೇ ಜೋರಾಗಿ ಎಳೆಯುತ್ತಲೂ ಇತ್ತು. ಬ್ರೀದರಿನ ರಬ್ಬರ್ ಬಿಸಿಲಿಗೆ ಬಿದ್ದ ಹಲಸಿನ ಎಲೆಯಂತಾಗಿ ಬಾಯಿ ತೆರೆದೇ ಉಳಿದಿತ್ತು. ಹೊಸದು ತಂದು ಹಾಕಿದ ಮೇಲೆ ಜಿನುಗು ಅರ್ಧಕ್ಕರ್ಧ ಇಳಿಯಿತು, ಕವರನ್ನು ಇನ್ನೂ ಮುಟ್ಟಿರಲಿಲ್ಲ. ಹೊಸ ಬ್ರೀದರ್ ಹಾಕಿದ ಮೇಲೂ ಪೈಪಿನಿಂದ ಹೊಗೆ ಸಮೇತ ಗಾಳಿ ಭರ್ರನೆ ಬರುತ್ತಿದ್ದರೆ ಪಿಸ್ಟನ್ ರಿಂಗುಗಳು ಸವೆದು ಉರಿದ ಗಾಳಿ ಕೆಳಕ್ಕೆ ಇಳಿಯುತ್ತಿದೆ ಎಂದು ತಿಳಿಯಬೇಕು. ಆಗ ಕವರಿಗೆ ಎಷ್ಟು ಒಳ್ಳೆಯ ಪ್ಯಾಕಿಂಗ್ ಹಾಕಿದರೂ ಪ್ರಯೋಜನವಿಲ್ಲ, ಬ್ಯಾರೆಲ್ ಎತ್ತಲೇಬೇಕು.

ಉಳಿದರ್ಧ ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಹಚ್ಚುವುದೂ ಸುಲಭವಲ್ಲ. ಓಡುವ ಗಾಡಿಯಲ್ಲಿ ಆಯಿಲ್ ಹುಟ್ಟಿದ ಕಡೆ ನಿಲ್ಲುವುದಿಲ್ಲ. ಎದುರುಗಾಳಿ ಅದನ್ನು ಹಿಂದಕ್ಕೆ ಎಳೆದೊಯ್ಯುತ್ತದೆ, ಫಿನ್ನುಗಳು ಪಕ್ಕಕ್ಕೆ ಹರಿಸುತ್ತವೆ. ಮುಂದಿನ ಕವರಿನ ತಪ್ಪಿಗೆ ಹಿಂದಿನದು ಬೈಸಿಕೊಳ್ಳುತ್ತದೆ. ಎಷ್ಟೋ ಸಲ ಕವರುಗಳೆರಡೂ ನಿರಪರಾಧಿಗಳಾಗಿದ್ದು, ಮೇಲೆ ಹೇಳಿದ ಆಯಿಲ್ ಪೈಪಿನ ಬಾಂಜೋ ಬೋಲ್ಟಿನ ತಾಮ್ರದ ವಾಷರ್ ಸೋರುತ್ತಿರುತ್ತದೆ. ನಾನು ಕಲಿತ ಉಪಾಯ ಟಾಲ್ಕಂ ಪೌಡರಿನದು. ಸೀಮೆಎಣ್ಣೆ, ಬ್ರಷ್ಷು ಹಿಡಿದು ಹೆಡ್ಡನ್ನು ಚೆನ್ನಾಗಿ ತೊಳೆದು, ಒಣಗಿಸಿ, ಕವರುಗಳ ಸುತ್ತ, ಪೈಪಿನ ಬುಡಕ್ಕೆ, ಹೆಡ್ಡು ಬ್ಯಾರೆಲ್ಲು ಸೇರುವ ಕಡೆ ಮೈಗೆ ಹಾಕುವ ಪೌಡರ್ ಉದುರಿಸಬೇಕು. ಗಾಡಿಯನ್ನು ಓಡಿಸದೆ ನಿಂತಲ್ಲೇ ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಡಬೇಕು. ಸ್ವಲ್ಪ ಹೊತ್ತಿನಲ್ಲಿ ಬಿಳಿಯ ಮೇಲೆ ಒಂದು ಕಂದು ಗೆರೆ ಮೂಡುತ್ತದೆ. ನಮ್ಮದರಲ್ಲಿ ಅದು ಮೂಡಿದ್ದು ಮುಂದಿನ ಕವರಿನ ಒಂದು ಮೂಲೆಯಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಉದ್ದಕ್ಕೆ. ಉಳಿದ ಸುತ್ತಲೂ ಪೌಡರ್ ಒಣಗಿಯೇ ಇತ್ತು. ಸೋರುತ್ತಿರುವುದು ಇಡೀ ಕವರಲ್ಲ, ಅಷ್ಟೇ ಅಷ್ಟು ಜಾಗ ಎಂದು ಕಣ್ಣಾರೆ ಕಂಡ ಮೇಲೆ ಕೆಲಸದ ಮೇಲೆ ಬರುವ ಹುರುಪೇ ಬೇರೆ.

ಕವರ್ ಬಿಚ್ಚುವ ಮುಂಚೆ ಪೆಟ್ರೋಲ್ ಟ್ಯಾಂಕ್ ಇಳಿಸಿಬಿಡುವುದು ಲೇಸು. ಟ್ಯಾಂಕ್ ಇದ್ದಂತೆಯೇ ಕೈ ತೂರಿಸಿ ಬಿಚ್ಚುವ ಗಟ್ಟಿಗರಿದ್ದಾರೆ. ಬಿಚ್ಚಬಹುದು, ಆದರೆ ಒಳಗೆ ಸರಿಯಾಗಿ ನೋಡಲಾಗುವುದಿಲ್ಲ, ಒರೆಸಲಾಗುವುದಿಲ್ಲ. ನಟ್ಟುಗಳನ್ನು ಬಿಚ್ಚಿ ಕವರ್ ಎತ್ತಹೋದರೆ ಅದು ಬರಲೊಲ್ಲದು. ಸ್ಕ್ರೂಡ್ರೈವರ್ ತೂರಿಸಿ ಮೀಟುವ ಆಸೆಯಾಗುವುದು ಇಲ್ಲೇ. ಹಾಗೆ ಮೀಟಿದ ಗಾಯಗಳು ನಮ್ಮ ಕವರಿನ ಅಂಚಿನಲ್ಲಿ ಆಗಲೇ ಇದ್ದವು. ಮರದ ತುಂಡಿಟ್ಟು ಪಕ್ಕದಿಂದ ಮೆಲ್ಲಗೆ ತಟ್ಟಿದರೆ ಸಾಕು, ಎಷ್ಟು ಹಟಮಾರಿ ಕವರಾದರೂ ಸಡಿಲವಾಗುತ್ತದೆ.

ಒಳಗೆ ಕಂಡದ್ದನ್ನು ಹೇಳಬೇಕು. ರಾಕರುಗಳು ಜೇನು ಬಣ್ಣದ ಆಯಿಲಿನಲ್ಲಿ ಮಿಂದು ಹೊಳೆಯುತ್ತಿದ್ದವು. ಇಷ್ಟು ವರ್ಷ ದುಡಿದ ಉಕ್ಕಿನ ಮೇಲೆ ಒಂದು ಗೀರಿರಲಿಲ್ಲ. ಕವರು ಕೂರುವ ಅಂಚು ಮಾತ್ರ ಕಣ್ಣಲ್ಲಿ ನೋಡುವ ಹಾಗಿರಲಿಲ್ಲ. ಎಲ್ಲಕ್ಕಿಂತ ಕೆಳಗೆ ಕಂಪನಿಯ ಕಾಲದ ಪ್ಯಾಕಿಂಗಿನ ಚೂರುಗಳು, ಅದರ ಮೇಲೆ ಒಣಗಿದ ಶೆಲ್ಲಾಕು, ಅದರ ಮೇಲೆ ಕೆಂಪು ಸಿಲಿಕಾನು, ಅದರ ಮೇಲೆ ಬೂದು ಸಿಲಿಕಾನು. ಸೋರಿದಾಗಲೆಲ್ಲ ಯಾರೋ ಹಳೆಯದನ್ನು ಕೆರೆಯದೆ ಹೊಸದನ್ನು ಬಳಿದಿದ್ದರು. ಒಳಮಗ್ಗುಲಿಗೆ ಹಿಂಡಿಕೊಂಡು ಬಂದ ಸಿಲಿಕಾನಿನ ಎಳೆಗಳು ಕೋಣೆಯೊಳಗೆ ನೇತಾಡುತ್ತಿದ್ದವು. ಅದರಲ್ಲೊಂದು ಕಿತ್ತುಕೊಂಡು ಪುಶ್‌ರಾಡಿನ ಸುರಂಗದಲ್ಲಿ ಇಳಿದು ಆಯಿಲ್ ಪಂಪಿನ ದಾರಿಗೆ ಅಡ್ಡ ಕೂತರೆ ಇಡೀ ಎಂಜಿನ್ನಿಗೇ ಕುತ್ತು. ಹೊರಗೆ ಕಾಣುವ ಒಂದು ಪಸೆಯನ್ನು ಮುಚ್ಚಲು ಹೋಗಿ ಒಳಗೆ ಇಂಥದ್ದೊಂದು ಅಪಾಯವನ್ನು ತೂಗುಹಾಕುವುದು ನನಗೆ ಸಹಿಸಲಾಗದ ಕೆಲಸ. ಸಿಲಿಕಾನ್ ಕೆಟ್ಟ ವಸ್ತುವೆಂದಲ್ಲ. ಅದಕ್ಕೆ ಅದರದೇ ಜಾಗಗಳಿವೆ, ಇದು ಮಾತ್ರ ಆ ಜಾಗವಲ್ಲ.

ಸುರಂಗಗಳ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿ, ಬಿದಿರಿನ ಸಿಬಿರನ್ನು ಚೂಪು ಮಾಡಿಕೊಂಡು ಕೆರೆಯುತ್ತಾ ಕೂತೆ. ಬಿದಿರು ಅಲ್ಯೂಮಿನಿಯಮ್ಮಿಗೆ ಗಾಯ ಮಾಡುವುದಿಲ್ಲ. ತಿನ್ನರ್ ಸವರಿ ನೆನೆಯಲು ಬಿಟ್ಟರೆ ಶೆಲ್ಲಾಕ್ ತಾನಾಗಿ ಎದ್ದು ಬರುತ್ತದೆ. ಇದರಲ್ಲಿ ಅವಸರ ಮಾಡುವ ಹಾಗಿಲ್ಲ. ಬೆಳಿಗ್ಗೆಯ ಹೊತ್ತು ಪೂರ್ತಿ ಇದಕ್ಕೇ ಹೋಯಿತು, ಹೋಗಲೇಬೇಕಾದ್ದು.

ಇನ್ನು ಕವರು. ನಿಜವಾದ ಕೆಲಸವಿರುವುದು ಇಲ್ಲಿ. ಕಿಟಕಿಗೆ ಹಾಕುವ ದಪ್ಪ ಗಾಜಿನ ತುಂಡೊಂದನ್ನು ಸಮನಾದ ಮೇಜಿನ ಮೇಲಿಟ್ಟು, ಅದರ ಮೇಲೆ 240ರ ಎಮರಿ ಪೇಪರ್ ಹಾಸಿದೆ. ಗಾಜಿನಷ್ಟು ಸಮತಟ್ಟಾದ ವಸ್ತು ಮನೆಯಲ್ಲಿ ಇನ್ನೊಂದು ಸಿಗುವುದಿಲ್ಲ. ಕವರಿನ ಅಂಚಿಗೆ ಮಾರ್ಕರ್ ಪೆನ್ನಿನಿಂದ ಸುತ್ತಲೂ ಅಡ್ಡಗೆರೆ ಎಳೆದು, ನಾಲ್ಕು ಹನಿ ಸೀಮೆಎಣ್ಣೆ ಬಿಟ್ಟು, ಕವರನ್ನು ಎಮರಿಯ ಮೇಲೆ ಕವುಚಿ ಇಂಗ್ಲಿಷಿನ 8ರ ಆಕಾರದಲ್ಲಿ ತಿರುಗಿಸುತ್ತಾ ಉಜ್ಜಿದೆ. ಒತ್ತಬಾರದು, ಕೈಯ ಭಾರವೇ ಸಾಕು. ಸ್ವಲ್ಪ ಉಜ್ಜಿ ತಿರುಗಿಸಿ ನೋಡಿದರೆ ಎಲ್ಲವೂ ಅದರಲ್ಲೇ ಬರೆದಿತ್ತು. ನಟ್ಟಿನ ತೂತುಗಳ ಹತ್ತಿರ ಮಾರ್ಕರಿನ ಗೆರೆ ಅಳಿಸಿ ಲೋಹ ಹೊಳೆಯುತ್ತಿತ್ತು. ಅಲ್ಲಿಂದ ದೂರದ ಅಂಚಿನಲ್ಲಿ ಗೆರೆಗಳು ಹಾಗೆಯೇ ಉಳಿದಿದ್ದವು. ಎಂದರೆ ನಟ್ಟಿನ ಬಳಿ ಕವರು ಕೆಳಕ್ಕೆ ಬಾಗಿದೆ, ಉಳಿದ ಕಡೆ ಎದ್ದು ನಿಂತಿದೆ. ಪೌಡರಿನಲ್ಲಿ ಕಂದು ಗೆರೆ ಮೂಡಿದ್ದ ಜಾಗ ಯಾವುದೋ, ಮಾರ್ಕರ್ ಅಳಿಸದೆ ಉಳಿದ ಜಾಗವೂ ಅದೇ.

ಕವರು ಬಾಗಿದ್ದು ಹೇಗೆ? ಬುಲೆಟ್ಟಿನಲ್ಲಿ ಟ್ಯಾಪೆಟ್ ಸೆಟ್ ಮಾಡಲು ರಾಕರ್ ಕವರ್ ಬಿಚ್ಚಬೇಕಾಗಿಲ್ಲ. ಅದನ್ನು ಬಲಬದಿಯಲ್ಲಿ, ಪುಶ್‌ರಾಡಿನ ಬುಡದಲ್ಲಿರುವ ಬೇರೆಯೇ ಮುಚ್ಚಳ ತೆಗೆದು ಮಾಡುತ್ತಾರೆ. ಎಂಜಿನ್ ತಣ್ಣಗಿರುವಾಗ ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲುಗಬಾರದು, ಅಷ್ಟೇ ಲೆಕ್ಕ. ಹಾಗಾಗಿ ನೆತ್ತಿಯ ಕವರುಗಳು ವರ್ಷಗಟ್ಟಲೆ ಬಿಚ್ಚದೆ ಇರಬಲ್ಲವು. ಅವು ಕೆಟ್ಟಿರುವುದು ಬಿಚ್ಚಿ ಹಾಕಿ ಅಲ್ಲವೇ ಅಲ್ಲ, ಬಿಗಿದು ಬಿಗಿದು. ಪಸೆ ಕಂಡವರೆಲ್ಲ ಸ್ಪ್ಯಾನರ್ ಹಾಕಿ ಇನ್ನೊಂದು ಎಳೆ ಎಳೆದಿದ್ದಾರೆ. ಪ್ರತಿ ಎಳೆತಕ್ಕೂ ಮೆದು ಅಲ್ಯೂಮಿನಿಯಮ್ ಇನ್ನೊಂದಿಷ್ಟು ಬಾಗಿದೆ, ಬಾಗಿದಷ್ಟೂ ಸಂದಿ ಅಗಲವಾಗಿದೆ, ಸಂದಿ ಅಗಲವಾದಷ್ಟೂ ಆಯಿಲ್ ಹೆಚ್ಚು ಬಂದಿದೆ, ಹೆಚ್ಚು ಬಂದಷ್ಟೂ ಇನ್ನೊಬ್ಬರು ಬಂದು ಬಿಗಿದಿದ್ದಾರೆ. ಹಾಗಾಗಿ ಎಂಜಿನ್ ಕಟ್ಟಿದವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಅವರು ಸಮತಟ್ಟಾಗಿಯೇ ಮಾಡಿಕೊಟ್ಟಿದ್ದರು.

ಎಲ್ಲ ಗೆರೆಗಳೂ ಅಳಿಸಿ ಅಂಚಿನುದ್ದಕ್ಕೂ ಒಂದೇ ಬಗೆಯ ಮಂಕು ಬೆಳ್ಳಿ ಬಣ್ಣ ಬರುವವರೆಗೆ ಉಜ್ಜಿ, ಕೊನೆಗೆ 400ರ ಪೇಪರಿನಲ್ಲಿ ನಯ ಮಾಡಿದೆ. ಹೆಡ್ಡಿನ ಕಡೆಯ ಅಂಚನ್ನು ಗಾಜಿನ ಮೇಲೆ ಉಜ್ಜಲಾಗದು. ಅದರ ಮೇಲೆ ಸ್ಟೀಲ್ ಸ್ಕೇಲನ್ನು ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಬಿಟ್ಟು, ಬೆಳಕು ಎಲ್ಲಿ ನುಸುಳುತ್ತದೆ ನೋಡಬೇಕು. ನಮ್ಮದರಲ್ಲಿ ಒಂದು ಸ್ಟಡ್ಡಿನ ಬುಡದಲ್ಲಿ ಅಲ್ಯೂಮಿನಿಯಮ್ ಮೇಲಕ್ಕೆ ಉಬ್ಬಿತ್ತು. ಇದೂ ಅತಿಯಾಗಿ ಬಿಗಿದುದರ ಫಲವೇ. ಸ್ಟಡ್ಡು ಹೆಡ್ಡಿನೊಳಗಿನ ಮರೆಗಳನ್ನು, ಅಂದರೆ ಥ್ರೆಡ್ಡುಗಳನ್ನು, ತನ್ನ ಜೊತೆ ಮೇಲಕ್ಕೆ ಎಳೆದುಕೊಂಡಿತ್ತು. ಕವರು ಈ ಉಬ್ಬಿನ ಮೇಲೆ ಕೂತರೆ ಸುತ್ತಲಿನ ಅಂಚು ಹೇಗೆ ತಾನೇ ಮುಟ್ಟೀತು! ಸ್ಟಡ್ಡನ್ನು ಬಿಚ್ಚಿ, ತೂತಿನ ಬಾಯನ್ನು ದೊಡ್ಡ ಡ್ರಿಲ್ ಬಿಟ್ಟಿನಿಂದ ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ ತಗ್ಗು ಮಾಡಿದರೆ ಉಬ್ಬು ಹೋಗುತ್ತದೆ. ಒಳಗಿನ ಮರೆ ಪೂರ್ತಿ ಹೋಗಿದ್ದರೆ ಹೆಲಿಕಾಯಿಲ್ ಹಾಕಿಸಬೇಕು. ಉಕ್ಕಿನ ತಂತಿಯ ಆ ಸುರುಳಿ ಹೊಸ ಮರೆಯಾಗಿ ಕೂರುತ್ತದೆ, ಮೂಲಕ್ಕಿಂತ ಗಟ್ಟಿ. ಒಂದು ಎಚ್ಚರ ಬೇಕು. ಇಂಥ ಹಳೆಯ ಗಾಡಿಗಳಲ್ಲಿ ಅಂಗುಲದ ಅಳತೆಯ ಮರೆಗಳೇ ಹೆಚ್ಚು. ಅಂಗಡಿಯಲ್ಲಿ ಸಿಕ್ಕ ಮಿಲಿಮೀಟರ್ ನಟ್ಟನ್ನು ಒತ್ತಾಯದಿಂದ ತಿರುಗಿಸಿದರೆ ಎರಡೂ ಕೆಡುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹಳೆಯ ನಟ್ಟನ್ನೇ ಕೈಯಲ್ಲಿ ಹಿಡಿದು ತೋರಿಸಿ, ಹೊಸದನ್ನು ಸ್ಟಡ್ಡಿಗೆ ತಿರುಗಿಸಿ ನೋಡಿಯೇ ತರುವುದು ಒಳ್ಳೆಯದು.

ಪ್ಯಾಕಿಂಗು ಸೆಟ್ಟಿನಲ್ಲಿ ಸಿಗುತ್ತದೆ. ಆದರೂ ನನಗೆ ಕೈಯಲ್ಲಿ ಕತ್ತರಿಸಿದ್ದೇ ಇಷ್ಟ. ಇದನ್ನು ತೋರಿಸಿಕೊಟ್ಟವರು ಹಾಸನದ ಒಬ್ಬ ಮೇಸ್ತ್ರಿ. ಬಸ್ಸು ಲಾರಿಗಳ ಎಂಜಿನ್ ಬಿಚ್ಚಿ ಜೀವನ ಸವೆಸಿದವರು. ಪ್ಯಾಕಿಂಗ್ ಹಾಳೆಯನ್ನು ಕವರಿನ ಮೇಲೆ ಹಾಸಿ, ಮೊದಲು ನಟ್ಟಿನ ತೂತಿನ ಮೇಲೆ ಬೇರಿಂಗಿನ ಒಂದು ಗುಂಡನ್ನಿಟ್ಟು ಒಂದೇ ಏಟು ಹಾಕಿದರು. ದುಂಡಗಿನ ಚೂರು ಟಕ್ಕನೆ ಕೆಳಗೆ ಬಿತ್ತು. ಆ ಗುಂಡನ್ನು ಅಲ್ಲೇ ಬಿಟ್ಟರೆ ಹಾಳೆ ಜರುಗುವುದಿಲ್ಲ. ಆಮೇಲೆ ಗುಂಡುತಲೆಯ ಸುತ್ತಿಗೆಯಿಂದ ಕವರಿನ ಅಂಚಿನಗುಂಟ ಟಪ ಟಪ ಎಂದು ತಟ್ಟುತ್ತಾ ಹೋದರು. ತಟ್ಟಿದಲ್ಲೆಲ್ಲ ಹಾಳೆ ಅಂಚಿಗೆ ಸರಿಯಾಗಿ ತುಂಡಾಗುತ್ತಿತ್ತು. ಕತ್ತರಿಯಿಲ್ಲ, ಪೆನ್ಸಿಲ್ ಇಲ್ಲ.

“ಅಂಚು ಹೇಳಿದ್ ಹಾಗೆ ಸುತ್ಗೆ ಹೋಗ್ಬೇಕು ಸಾರ್, ನಾವು ಹೇಳಿದ್ ಹಾಗಲ್ಲ. ಜೋರಾಗ್ ಹೊಡೆದ್ರೆ ಕವರಿನ ಮೂಲೆ ಮುರಿಯುತ್ತೆ, ಮೆತ್ತಗೆ,” ಅಂದರು.

“ಸೆಟ್ಟಿನ ಪ್ಯಾಕಿಂಗ್ ಇರುತ್ತಲ್ಲ ಮೇಸ್ತ್ರಿ, ಅದಕ್ಕಿಂತ ಇದೇ ಒಳ್ಳೇದಾ?”

“ಅದು ಎಲ್ಲಾ ಗಾಡಿಗೂ ಮಾಡಿದ್ದು. ಇದು ಈ ಗಾಡಿಗೇ ಮಾಡಿದ್ದು.”

ಜೋಡಿಸುವಾಗ ಪ್ಯಾಕಿಂಗನ್ನು ಕವರಿನ ಕಡೆ ತೆಳ್ಳಗೆ ಶೆಲ್ಲಾಕ್ ಸವರಿ ಅಂಟಿಸಿ, ಹೆಡ್ಡಿನ ಕಡೆಗೆ ಬರಿಯ ಗ್ರೀಸು ಹಚ್ಚಿದೆ. ಮುಂದೆ ಯಾವತ್ತಾದರೂ ಬಿಚ್ಚಬೇಕಾಗಿ ಬಂದರೆ ಪ್ಯಾಕಿಂಗ್ ಹರಿಯದೆ ಕವರಿನ ಜೊತೆಗೇ ಎದ್ದು ಬರುತ್ತದೆ, ಯಾರೂ ಮೀಟಬೇಕಾಗುವುದಿಲ್ಲ. ಸುರಂಗದ ಬಟ್ಟೆಗಳನ್ನು ತೆಗೆದು ಎಣಿಸಿಕೊಂಡೆ. ಆಯಿಲ್ ಪೈಪಿನ ತಾಮ್ರದ ವಾಷರುಗಳನ್ನು ಗ್ಯಾಸ್ ಒಲೆಯ ಉರಿಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆ. ಒತ್ತಿ ಒತ್ತಿ ಗಡುಸಾದ ತಾಮ್ರ ಹೀಗೆ ಮಾಡಿದರೆ ಮತ್ತೆ ಮೆದುವಾಗುತ್ತದೆ, ಮೆದುವಾದದ್ದೇ ಸಂದಿ ತುಂಬುವುದು. ನಟ್ಟುಗಳನ್ನು ಬೆರಳಲ್ಲಿ ಕೂರಿಸಿ, ಗಿಡ್ಡ ಸ್ಪ್ಯಾನರಿನ ನಡುವೆ ಹಿಡಿದು, ಸರದಿಯಂತೆ ಚೂರು ಚೂರೇ ಬಿಗಿದೆ. ಉದ್ದ ಹಿಡಿಯ ಸ್ಪ್ಯಾನರನ್ನು ಈ ಜಾಗದ ಹತ್ತಿರಕ್ಕೂ ತರಬಾರದು. ಕವರನ್ನು ಬಲವಂತವಾಗಿ ಎಳೆದು ಕೂರಿಸುವುದು ನಟ್ಟಿನ ಕೆಲಸವಲ್ಲ. ಸರಿಯಾಗಿ ಕೂತಿರುವ ಕವರನ್ನು ಅಲುಗದಂತೆ ಹಿಡಿದುಕೊಂಡರೆ ಸಾಕು.

ಇನ್ನೊಂದು ಸಂಗತಿ ಬಹಳ ಜನ ಬಿಟ್ಟುಬಿಡುತ್ತಾರೆ. ಬಿಸಿಯಾದಾಗ ಅಲ್ಯೂಮಿನಿಯಮ್ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಕವರು, ಹೆಡ್ಡು ಎರಡೂ ಹಿಗ್ಗಿ, ಉಕ್ಕಿನ ಸ್ಟಡ್ಡು ಅಷ್ಟು ಹಿಗ್ಗದೆ, ನಡುವಿನ ಹೊಸ ಪ್ಯಾಕಿಂಗ್ ಇನ್ನಷ್ಟು ಒತ್ತಿಕೊಳ್ಳುತ್ತದೆ. ಎಂಜಿನ್ ತಣ್ಣಗಾದ ಮೇಲೆ ಲೋಹ ಕುಗ್ಗುತ್ತದೆ, ಒತ್ತಿಕೊಂಡ ಪ್ಯಾಕಿಂಗ್ ಮಾತ್ರ ಹಿಂದಿನ ದಪ್ಪಕ್ಕೆ ಬರುವುದಿಲ್ಲ. ಹಾಗಾಗಿ ಹೊಸ ಪ್ಯಾಕಿಂಗ್ ಹಾಕಿದ ಮೊದಲ ಓಟದ ಮೇಲೆ ನಟ್ಟುಗಳು ಕೂದಲೆಳೆಯಷ್ಟು ಸಡಿಲವಾಗುವುದು ಸಹಜ. ಬಿಸಿಲೆ ಘಾಟಿಯವರೆಗೆ ಹೋಗಿ ಬಂದು, ರಾತ್ರಿಯೆಲ್ಲ ತಣಿಯಲು ಬಿಟ್ಟು, ಬೆಳಿಗ್ಗೆ ಅದೇ ಗಿಡ್ಡ ಸ್ಪ್ಯಾನರಿನಿಂದ ಒಮ್ಮೆ ಹಿಡಿಸಿದೆ. ಎಲ್ಲವೂ ತುಸು ತುಸು ತಿರುಗಿ ನಿಂತವು. ಬಿಸಿಯಾಗಿರುವಾಗ ಈ ಕೆಲಸ ಮಾಡಬಾರದು.

ಅಲ್ಲಿಂದೀಚೆಗೆ ಆ ನಟ್ಟುಗಳನ್ನು ಮುಟ್ಟಿಲ್ಲ. ಮಳೆಗಾಲ ಕಳೆಯಿತು, ಕಾಫಿ ಕುಯಿಲು ಮುಗಿಯಿತು, ಹೆಡ್ಡಿನ ಫಿನ್ನುಗಳ ಸಂದಿಯಲ್ಲಿ ಬರಿಯ ಧೂಳಿದೆ. ಗಾಡಿ ಪರಿಚಯದ ಗ್ಯಾರೇಜಿಗೆ ಹೋದಾಗ ಅಲ್ಲಿನ ಹುಡುಗ ಕವರಿನ ಸುತ್ತ ಬೆರಳಾಡಿಸಿ, ಬೆರಳನ್ನೊಮ್ಮೆ ನೋಡಿಕೊಂಡು, “ಏನ್ ಹಾಕ್ಸಿದ್ರಿ ಸಾರ್, ಯಾವ ಸಿಲಿಕಾನು?” ಅಂತ ಕೇಳಿದ. ಗಾಜು ಮತ್ತು ಎಮರಿಯ ವಿಷಯ ಹೇಳಿದೆ. ಅವನು ನಂಬಿದ ಹಾಗೆ ಕಾಣಲಿಲ್ಲ, ಆದರೆ ಎಮರಿ ಯಾವ ನಂಬರಿನದು ಎಂದು ಕೇಳಿ ಅಂಗೈ ಮೇಲೆ ಬರೆದುಕೊಂಡ.

ಈಗ ಉಳಿದಿರುವುದು ಎಡಬದಿಯ ಪ್ರೈಮರಿ ಚೈನ್ ಕೇಸು. ಅದರ ಇಡೀ ಕವರನ್ನು ನಡುವಿನ ಒಂದೇ ನಟ್ಟು ಹಿಡಿದಿದೆ, ಸುತ್ತ ರಬ್ಬರ್ ಸೀಲು. ಅಲ್ಲಿ ಸೋರುವುದಕ್ಕೆ ಕಾರಣಗಳೇ ಬೇರೆ. ಸೀಲು ತಂದಿಟ್ಟಿದ್ದೇನೆ, ಮುಂಗಾರು ಹಿಡಿಯುವುದರೊಳಗೆ ಬಿಚ್ಚಬೇಕು.